ಎರಡು ಎಂಜಿನ್ನಿಗೆ ಒಂದೇ ಟ್ರಾನ್ಸ್‌ಫಾರ್ಮರು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ತಂತಿ ಜೋಡಿಸಲು ಬರುತ್ತದೆ, ಮಾತು ಜೋಡಿಸಲು ಬರುವುದಿಲ್ಲ. ಆದರೆ ಕರೆಂಟು ಕಣ್ಣಿಗೆ ಕಾಣದ ವಸ್ತು. ಅದರ ಬಗ್ಗೆ ಒಬ್ಬೊಬ್ಬರು ಒಂದೊಂದು ತಿಳಿದುಕೊಂಡಿರುತ್ತಾರೆ. ಹೀಗಾಗಿ ನನ್ನ ಕೆಲಸದಲ್ಲಿ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

೧. ಎತ್ತಿನ ಲೆಕ್ಕ

ಗಜೇಂದ್ರಗಡಕ್ಕೆ ಕರೆಂಟು ಬಂದ ಹೊಸದು. ಅರಿವೆ ಅಂಗಡಿ ಸಾವಕಾರರು ಮುಂಬಯಿಯಿಂದ ಆಟದ ರೈಲು ತಂದರು. ಕೀಲಿ ಕೊಡುವುದಲ್ಲ, ಕರೆಂಟಿನದು. ಗೋಡೆಯ ಕರೆಂಟು ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ನಡುವೆ ಅದನ್ನು ಇಳಿಸಿಕೊಡುವ ಡಬ್ಬಿ ಬೇಕು, ಅದೇ ಟ್ರಾನ್ಸ್‌ಫಾರ್ಮರು. ಅದರ ಶಕ್ತಿ ಎಂಜಿನ್ನಿಗೆ ಸಾಲಬೇಕು. ಇಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವರ ಮಗಳನ್ನು ನೋಡಲು ನರೇಗಲ್ಲಿನವರು ಬರುವವರಿದ್ದರು. “ಊರಿಗಿ ರೈಲ್ ಬರ್ಲಿಲ್ಲ, ಮನಿಗಿ ತಂದೀನಿ ಅಂತ ಹೇಳಿಕಳಿಸೀನಿ. ಅವತ್ತು ನಿಂತ್ರ ನನ್ನ ಮಾನ ಹೋತು. ನೀನೂ ಈ ಊರಾಗ ಮತ್ತ ತಂತಿ ಮುಟ್ಟಬ್ಯಾಡ,” ಎಂದರು ಸಾವಕಾರರು. ನನ್ನ ಹೊಟ್ಟೆಪಾಡೇ ತಂತಿ.

ಒಂದು ಎಂಜಿನ್ನು ಎಲ್ಲ ಬೋಗಿಗಳನ್ನು ಎಳೆಯಲಿಲ್ಲ. ಸಾವಕಾರರು ಜೊತೆಗೆ ತಂದಿದ್ದ ಇನ್ನೊಂದನ್ನು ಮುಂದೆ ಹೂಡಿಸಿದರು. “ಏರು ಬಂದ್ರ ಮತ್ತೊಂದು ಜೋಡಿ ಎತ್ತು ಹೂಡೂದಿಲ್ಲೇನೋ?”

ಎರಡೂ ಗುಂಯ್‌ಗುಟ್ಟಿ ಅಲ್ಲೇ ನಿಂತವು.

“ಮೇವು ಒಂದ ಎತ್ತಿಂದೈತ್ರಿ, ಎತ್ತು ಎರಡ ಅದಾವು,” ಎಂದೆ.

ಸಾವಕಾರರು ಭಾಳ ಯೋಚಿಸಿದರು. “ಹಂಗಾದ್ರ ಒಂದಕ್ಕ ಮುಂಜಾನಿ ಹಾಕು, ಒಂದಕ್ಕ ಸಂಜಿಗೆ.”

೨. ಜ್ವರ

ಭಾರ ಹೆಚ್ಚಾದರೆ ಟ್ರಾನ್ಸ್‌ಫಾರ್ಮರು ಬಿಸಿಯಾಗುತ್ತದೆ. ಸಾವಕಾರರ ತಾಯಿ ಅದನ್ನು ಮುಟ್ಟಿ, “ಅಯ್ಯ ಶಿವನ, ಮೈ ಕೆಂಡ ಆಗೇತಿ!” ಎಂದು ಒದ್ದೆ ಅರಿವೆ ತಂದರು. ಹಾರಿ ಕರೆಂಟು ತೆಗೆದೆ.

“ಯವ್ವಾ, ಇದಕ್ಕ ನೀರು ತಾಗಬಾರ್ದ್ರಿ! ಜೀವಾ ಹೋಗ್ತೈತಿ!”

“ಜ್ವರಕ್ಕ ಒದ್ದಿ ಅರಿವಿ ಬ್ಯಾಡ ಅಂತಿ. ಯಾವ ದವಾಖಾನ್ಯಾಗ ಕಲ್ತಿಯೋ ಮಾರಾಯಾ?”

೩. ನೋಡುವ ಕಾರ್ಯ

ನರಗುಂದದ ರೇಡಿಯೋ ರಿಪೇರಿಯವರಿಂದ ದೊಡ್ಡ ಟ್ರಾನ್ಸ್‌ಫಾರ್ಮರು ತಂದೆ. ವೋಲ್ಟೇಜು ಮೊದಲಿನಷ್ಟೇ, ಶಕ್ತಿ ಮಾತ್ರ ಇಮ್ಮಡಿ. ಸರಿ ಎಂದು ಗೊತ್ತಿತ್ತು. ಆದರೂ ನರೇಗಲ್ಲಿನವರು ಬಂದು ಕೂತ ಮೇಲೆ ಶಿವನ ಹೆಸರು ಹೇಳಿಯೇ ಗುಂಡಿ ತಿರುಗಿಸಿದೆ.

ರೈಲು ಓಡಿತು! ಎರಡು ಎಂಜಿನ್ನು, ಎಲ್ಲ ಬೋಗಿ, ಮೇಲೆ ಎಲೆ ಅಡಿಕೆ. ಬಂದವರ ಕುತ್ತಿಗೆಗಳೆಲ್ಲ ಅದರ ಜೊತೆ ಸುತ್ತಿದವು. ನಾನು ಬಿಸಿಯಾದೀತೆಂದು ಟ್ರಾನ್ಸ್‌ಫಾರ್ಮರಿನ ಮೇಲೇ ಕೈಯಿಟ್ಟು ಕೂತಿದ್ದೆ. ಕಡೆಗೆ ಹುಡುಗನ ತಂದೆ, “ಇನ್ನ ಹುಡುಗಿನ್ನ ಕರೀರಿ, ನೋಡೂಣು,” ಎಂದರು.

ಬಾಗಿಲಲ್ಲಿ ನಿಂತಿದ್ದ ಸಾವಕಾರರ ತಾಯಿ ಹಣೆ ಬಡಿದುಕೊಂಡರು. “ಅಕಿ ಬಂದು, ಕುಂತು, ಎದ್ದು ಹೋದಳ್ರಿ! ನೀವು ನೋಡದಿದ್ರ ಏನಾತು, ಅಕಿ ನಿಮ್ಮ ಹುಡುಗನ್ನ ಕಣ್ತುಂಬ ನೋಡ್ಯಾಳ. ಅಕಿಗೆ ಒಪ್ಪಿಗಿ ಐತ್ರಿ!”

ಇಲ್ಲೊಂದು ವಿವರ ಬಿಟ್ಟೆ. ಟ್ರಾನ್ಸ್‌ಫಾರ್ಮರು ದೊಡ್ಡದಾದರೂ ಎಂಜಿನ್ನು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಯಾಕೆಂದರೆ, ಈಗ ನೋಡಿ, ಒಂದು ಎಂಜಿನ್ನಿಗೆ—

ತಡೆಯಿರಿ, ಸಾವಕಾರರ ಮನೆಯಿಂದ ಕೂಗುತ್ತಿದ್ದಾರೆ. ಅಳಿಯಂದಿರು ಬಂದಿದ್ದಾರಂತೆ. ಹೆಂಡತಿಯನ್ನು ಕರೆದೊಯ್ಯುವ ಮುಂಚೆ ರೈಲು ನೋಡಬೇಕಂತೆ.