ದೇವರ ಗೂಡಿನ ದೊರೆ

ಸ್ವಾತಂತ್ರ್ಯದ ಬಗ್ಗೆ ನಾನು ಚೆನ್ನಾಗಿ ಮಾತಾಡುತ್ತೇನೆ ಎಂದು ದುಬೈಯಲ್ಲಿರುವ ನಮ್ಮ ಊರಿನವರೆಲ್ಲ ಒಪ್ಪುತ್ತಾರೆ. ಪ್ರತಿ ಆಗಸ್ಟಿನಲ್ಲಿ ಮೈಕು ಹಿಡಿದು ಬ್ರಿಟಿಷರನ್ನು ಇನ್ನೊಮ್ಮೆ ಓಡಿಸುವ ಕೆಲಸ ನನ್ನದೇ. ಆದರೆ ಕರಾಮದ ನಮ್ಮ ಫ್ಲ್ಯಾಟಿನ ದೇವರ ಗೂಡಿನಲ್ಲಿ, ಗಣಪತಿಯ ಬಲಕ್ಕೆ, ಇಂಗ್ಲೆಂಡಿನ ದೊರೆಯೊಬ್ಬ ದಿನವೂ ಆರತಿ ತೆಗೆದುಕೊಳ್ಳುತ್ತಾನೆ ಎಂಬುದನ್ನು ಭಾಷಣದಲ್ಲಿ ಹೇಳುವುದಿಲ್ಲ.

ಅದೊಂದು ತಗಡಿನ ತಟ್ಟೆ. ದೊರೆ ಹಿಂದೂಸ್ತಾನಕ್ಕೆ ಬಂದಾಗ ಇಂಥ ತಟ್ಟೆಗಳ ಮೇಲೆ ಅವನ ಚಿತ್ರ ಬರೆದು ಬೀದಿಯಲ್ಲಿ ಮಾರಿದ್ದರಂತೆ. ಮುಂಬಯಿಯಲ್ಲಿ ಅಡುಗೆಗಿದ್ದ ಮುತ್ತಜ್ಜ ಕೊಂಡು ಉಡುಪಿಗೆ ತಂದರು. ಕಿರೀಟ ಇದ್ದವರಿಗೆಲ್ಲ ಕುಂಕುಮ ಇಡುವುದು ನಮ್ಮ ಮನೆಯ ಹೆಂಗಸರ ಕ್ರಮ. ಯಕ್ಷಗಾನದ ವೇಷಧಾರಿ ಬಂದಿದ್ದರೂ ಬಿಡುತ್ತಿರಲಿಲ್ಲವೇನೋ. ಹೀಗೆ ದೊರೆ ದೇವರ ಸಾಲಿಗೆ ಸೇರಿದ. ನನ್ನ ಜೊತೆ ಇರಲು ಬರುವಾಗ ಅಮ್ಮ ಅವನನ್ನು ಸೀರೆಯಲ್ಲಿ ಸುತ್ತಿ ವಿಮಾನ ಹತ್ತಿಸಿದಳು. ಹಿಂದೂಸ್ತಾನಕ್ಕೆ ಬಂದಾಗಿನಂತೆ ಈ ಸಲವೂ ಅವನ ಹತ್ತಿರ ಯಾರೂ ವೀಸಾ ಕೇಳಲಿಲ್ಲ.

ತೊಂದರೆ ಶುರುವಾದದ್ದು ನಮ್ಮ ಮ್ಯಾನೇಜರ್, ಲಂಡನ್ನಿನ ತರುಣ, ಶನಿವಾರ ನೀರುದೋಸೆ ತಿನ್ನಲು ಬರುತ್ತೇನೆ ಎಂದಾಗ. ನನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ಆತನ ಸಹಿ ಇನ್ನೂ ಬಿದ್ದಿರಲಿಲ್ಲ. ತಮ್ಮ ದೊರೆಯ ಹಣೆಯ ಕುಂಕುಮ, ಮೈಮೇಲಿನ ಮಲ್ಲಿಗೆ ನೋಡಿ ಇವರು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡರೆ ನಾನು ಗಂಟುಮೂಟೆ ಕಟ್ಟುವುದೇ. ಒಂದು ದಿನದ ಮಟ್ಟಿಗೆ ತಟ್ಟೆಯನ್ನು ಕಪಾಟಿನಲ್ಲಿಡೋಣ ಎಂದು ಅಮ್ಮನನ್ನು ಬೇಡಿಕೊಂಡೆ.

"ದೀಪ ಹಚ್ಚುವಲ್ಲಿಂದ ಎಬ್ಬಿಸ್ಲಿಕ್ಕೆ ಆಗುದಿಲ್ಲ ಮಗಾ," ಎಂದಳು ಅಮ್ಮ. "ನಿನ್ನ ಕೆಲಸದ್ದು ನಾನು ಅವನಿಗೇ ಹೇಳಿಕೊಂಡದ್ದು. ಇಂಗ್ಲಿಷಿನವರ ವಿಷಯ ಗಣಪತಿಗೆ ಎಂತ ಗೊತ್ತುಂಟು?"

ಶನಿವಾರ ಮ್ಯಾನೇಜರ್ ಬಂದವನೇ ಶೂ ಕಳಚಿ ನೇರ ದೇವರ ಗೂಡಿನ ಮುಂದೆ ನಿಂತ. ಇಷ್ಟು ವರ್ಷಗಳ ಕುಂಕುಮ ಮೆತ್ತಿ ಕಿರೀಟ ಕೆಂಪು ಮುಂಡಾಸಾಗಿತ್ತು. ದೀಪದ ಹೊಗೆಗೆ ದೊರೆ ನನ್ನಷ್ಟೇ ಕಪ್ಪಾಗಿದ್ದ. ಮೂಗು, ಮೀಸೆ ಮಾತ್ರ ಸ್ಪಷ್ಟವಾಗಿದ್ದವು. ಆತ ಬಗ್ಗಿ ತುಂಬ ಹೊತ್ತು ನೋಡಿ, ದನಿ ತಗ್ಗಿಸಿ, ಇವರು ನಿಮ್ಮ ಅಜ್ಜನೇ ಎಂದು ಕೇಳಿದ.

ಅಲ್ಲ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಮುತ್ತಜ್ಜ."

"ಮೂಗು ನೋಡಿದಾಗಲೇ ಅಂದುಕೊಂಡೆ," ಎಂದು ಆತ ತನ್ನ ದೊರೆಗೆ ಭಕ್ತಿಯಿಂದ ಕೈಮುಗಿದ. ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಆತನಿಗಿಂತ ನಾನೇ ಹೆಚ್ಚು ದೋಸೆ ತಿಂದೆ.

ಸೋಮವಾರ ಸಹಿ ಬಿತ್ತು. ಅಮ್ಮ ದೊರೆಗೆ ತುಪ್ಪದ ದೀಪ ಹಚ್ಚಿದಳು. ನಾನೂ ಸುಮ್ಮನಿಲ್ಲ. ಅಷ್ಟು ದೊಡ್ಡ ಮನುಷ್ಯನನ್ನು ಮೂಗೊಂದರಲ್ಲಿ ಹೋಲಿದರೆ ಸಾಲದು ಎನ್ನಿಸಿ, ಮೀಸೆ ಬಿಡಲು ಶುರು ಮಾಡಿದ್ದೇನೆ.