ಸರಪಳಿಯ ಏಳನೇ ಗುರುತು

ಅಂದಾಜು ಎನ್ನುವ ಶಬ್ದವನ್ನು ನಮ್ಮ ಮನೆಯಿಂದ ಗಡಿಪಾರು ಮಾಡಿದವಳು ನಾನು. ಮದುವೆಯಾಗಿ ಬಂದ ಹೊಸತರಲ್ಲೇ ಅಡುಗೆಮನೆಗೆ ತಕ್ಕಡಿ ತಂದೆ. ಉಪ್ಪಿಗೆ ಗ್ರಾಂ, ಎಣ್ಣೆಗೆ ಮಿಲಿಲೀಟರ್, ರೊಟ್ಟಿಗೆ ವ್ಯಾಸ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ವರ್ನಿಯರ್ ಕ್ಯಾಲಿಪರ್ಸ್ ಓದಲು ಕಲಿಸುವವಳಿಂದ ಇದಕ್ಕಿಂತ ಕಡಿಮೆ ನಿರೀಕ್ಷಿಸುವುದು ತಪ್ಪು. ಆದ್ದರಿಂದ, ನನ್ನ ಗಂಡನ ದೋಣಿಯ ಲಂಗರಿನ ಸರಪಳಿಗೆ ಅಳತೆಯ ಗುರುತುಗಳೇ ಇಲ್ಲ ಎಂದು ಗೊತ್ತಾದ ದಿನ ನಾನು ಸೆರಗು ಸಿಕ್ಕಿಸಿ ಘೋಷಿಸಿದೆ:

"ಆ ಸರಪಳಿ ನನ್ನ ಕೈಯಾಗ ಕೊಡ್ರಿ. ಇಡೀ ಅರಬ್ಬೀ ಸಮುದ್ರದಾಗ ಅಷ್ಟು ಕರೆಕ್ಟ್ ಸರಪಳಿ ಇನ್ನೊಂದು ಇರಬಾರದು, ಹಂಗ ಮಾಡಿ ಕೊಡ್ತೇನಿ!"

ಧಾರವಾಡದಲ್ಲಿದ್ದುಕೊಂಡು ದೋಣಿಯೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ನಮ್ಮ ಮನೆಗೂ ಸಮುದ್ರಕ್ಕೂ ನಡುವೆ ಒಂದು ಘಟ್ಟ, ಒಂದು ಕಾಡು ಮತ್ತು ಮುಕ್ಕಾಲು ಕಿಲೋಮೀಟರ್ ಎತ್ತರ ಇವೆ. ನನ್ನ ಗಂಡ ಶಿವಯೋಗೀಶ ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರರು. ಅವರ ಕಾಲೇಜು ಗೆಳೆಯ, ಕಮರಿಪೇಟೆಯ ಅಯಾಜ, ವ್ಯಾಪಾರಕ್ಕೆಂದು ಕಾರವಾರಕ್ಕೆ ಹೋದವರು ಅಲ್ಲೊಂದು ಹಳೆಯ ಹಾಯಿದೋಣಿ ಹಿಡಿದರು. ಅರ್ಧ ಪಾಲಿಗೆ ಇವರು ಸೇರಿದರು. ವಾರವಿಡೀ ಪರರ ಆದಾಯದ ಮುಂದೆ ಬಾಗಿದ ಬೆನ್ನು ಆ ದೋಣಿಯಲ್ಲಿ ಮಾತ್ರ ನೆಟ್ಟಗಾಗುತ್ತದೆ. ಅಲ್ಲಿ ಅವರು ಫೋನು ಮುಟ್ಟುವುದಿಲ್ಲ. ಹಾಡು ಹೇಳುತ್ತಾರೆ. ಕೆಟ್ಟದಾಗಿ, ಆದರೆ ಹೇಳುತ್ತಾರೆ. ಅವರೆದುರು ಎಂದೂ ಒಪ್ಪಿಕೊಂಡಿಲ್ಲ, ಆದರೆ ಆ ಹಾಡಿಗಾಗಿಯಾದರೂ ನನಗೆ ಆ ದೋಣಿ ಬೇಕು.

ಬೇಡವಾಗಿದ್ದದ್ದು ನಮ್ಮ ಅತ್ತೆ ಮುರಿಗೆವ್ವನವರಿಗೆ. ಅದಕ್ಕೆ ಕಾರಣವೂ ಇತ್ತು. ಹಿಂದಿನ ಸಲ ನನ್ನ ಗಂಡ ಲಂಗರು ಇಳಿಸಿ, ಊಟ ಮಾಡಿ, ದೋಣಿಯಲ್ಲೇ ಕಣ್ಣು ಮುಚ್ಚಿದ್ದರು. ತೆರೆದಾಗ ಎದುರಿಗೆ ಬೇರೆ ದಂಡೆ ಇತ್ತು. ಇದನ್ನು ಮನೆಗೆ ಬಂದು ತಮಾಷೆಯೆಂದು ಹೇಳಿದ್ದೇ ಇವರು ಮಾಡಿದ ತಪ್ಪು.

"ಲಂಗರ ಹಾಕಿದ್ರ ದೋಣಿ ಯಾಕ ನಡೀತು?" ಎಂದರು ಅತ್ತೆ.

"ಸರಪಳಿ ಚೂರು ಕಮ್ಮಿ ಬಿಟ್ಟಿದ್ದೆ ಯವ್ವಾ. ಲಂಗರ ಕಚ್ಚಲಿಲ್ಲ."

"ಎಷ್ಟು ಬಿಟ್ಟಿದ್ದಿ?"

"ಅಂ..." ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿದರು.

ಅತ್ತೆ ತೀರ್ಪು ಕೊಟ್ಟರು. "ನಾ ಒಮ್ಮೆ ಅದರಾಗ ಕೂತು ನೋಡ್ತೇನಿ. ನಿಂತಲ್ಲೆ ನಿಂತ್ರ ನಿನ್ನ ದೋಣಿ ನೀ ಇಟ್ಟಕೋ. ಇಲ್ಲಂದ್ರ ನಿನ್ನ ಅರ್ಧಾ ಆ ಅಯಾಜಗ ಕೊಟ್ಟು ಮನ್ಯಾಗ ಬಿದ್ದಿರು. ಈ ವಯಸ್ಸಿನ್ಯಾಗ ಮಗನ್ನ ಹುಡುಕ್ಕೋತ ಸಮುದ್ರಕ್ಕ ಹೋಗೂದು ನನ್ನ ಕಡೆಯಿಂದ ಆಗೂದಿಲ್ಲ."

ಇವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಇಡೀ ದೋಣಿ ಇತ್ತು. ನಾನು ಸೆರಗು ಸಿಕ್ಕಿಸಿದ್ದು ಆಗ.

ತುಕ್ಕು ಹಿಡಿದಿದ್ದ ಸರಪಳಿಯನ್ನು ಅಯಾಜ ದೋಣಿಯಿಂದ ಬಿಚ್ಚಿ ಕಳಿಸಿದರು. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಅದಕ್ಕೆ ಸತುವಿನ ಹೊಸ ಲೇಪ ಹಾಕಿಸಿ, ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತಂದೆವು. ನಲವತ್ತು ಮೀಟರ್ ಉದ್ದ, ಒಬ್ಬ ಸಣಕಲು ಮನುಷ್ಯನಷ್ಟು ಭಾರ. ಮಾಳಿಗೆಗೆ ಹೊತ್ತು, ಸಾಲು ಸಾಲಾಗಿ ಹರವಿದೆ. ಅಲ್ಲಿ ಒಣಗುತ್ತಿದ್ದ ಅತ್ತೆಯ ಶಾವಿಗೆ ಮೂಲೆಗೆ ಸರಿಯಿತು. ಅತ್ತೆ ಶಾವಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಯೋಜನೆ ಸರಳವಾಗಿತ್ತು. ಐದೈದು ಮೀಟರಿಗೆ ಒಂದು ಗುರುತು. ಮೊದಲನೆಯದಕ್ಕೆ ಒಂದು ಕೆಂಪು ಪಟ್ಟೆ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತ ಹೋಗುವುದು. ಕೆಲಸ ಆರಂಭಿಸುವ ಮೊದಲು ಇನ್ನೊಂದು ಲೆಕ್ಕ ಮಾಡಿದೆ. ಧಾರವಾಡಕ್ಕಿಂತ ಕಾರವಾರದಲ್ಲಿ ಸೆಕೆ ಹೆಚ್ಚು, ಸೆಕೆಗೆ ಉಕ್ಕು ಹಿಗ್ಗುತ್ತದೆ.

"ರೀ, ಅಲ್ಲಿಗೆ ಹೋದ ಮ್ಯಾಲೆ ನಮ್ಮ ಸರಪಳಿ ಸುಮಾರು ನಾಲ್ಕು ಮಿಲಿಮೀಟರ್ ಉದ್ದ ಆಗ್ತೈತಿ. ಅದನ್ನ ಕಳೀಲೋ ಬ್ಯಾಡೋ?"

ಅವರು ಬ್ಯಾಗು ಹೆಗಲಿಗೇರಿಸಿದರು. "ಸಮುದ್ರದಾಗಿನ ಮೀನುಗೋಳ್ನ ಕೇಳಿ ಹೇಳ್ತೇನಿ," ಎಂದು ಆಫೀಸಿಗೆ ಹೊರಟುಹೋದರು.

ಉಳಿದವರು ನಾನು, ಅತ್ತೆ, ಸರಪಳಿ. ಟೇಪು ಹಿಡಿದು ಬಾಗಿ ಬಣ್ಣ ಹಚ್ಚುವಾಗ ಲೆಕ್ಕ ತಪ್ಪಬಾರದೆಂದು ಎಣಿಸುವ ಕೆಲಸ ಅತ್ತೆಗೆ ಒಪ್ಪಿಸಿದೆ. ಅವರ ತವರುಮನೆಯವರು ಜೋಳದ ವ್ಯಾಪಾರಿಗಳು. ರಾಶಿ ಅಳೆಯುವುದನ್ನು ನೋಡುತ್ತಲೇ ಬೆಳೆದವರು. ಎಣಿಕೆಗೆ ಅವರಿಗಿಂತ ಯೋಗ್ಯರು ಯಾರು?

ಮೊದಲ ಐದು ಮೀಟರ್ ಅಳೆದೆ. "ಹೂಂ, ಎಣಿಸ್ರಿ."

"ಲಾಭ," ಎಂದರು ಅತ್ತೆ.

ಶುಭ ಕೋರಿದರೆಂದುಕೊಂಡೆ. "ಆಗ್ಲಿ ರಿ, ನಿಮ್ಮ ಆಶೀರ್ವಾದ," ಎಂದು ಕುಂಚ ಹಿಡಿದು ಕಾದೆ. "ಈಗ ಎಣಿಸ್ರಿ."

"ಎಣಿಸಿದ್ನೆಲ್ಲವಾ? ಮುಂದ ನಡಿ."

ಮುಂದೆ ನಡೆದೆ. "ಎರಡು," ಎಂದರು. ಎರಡು ಪಟ್ಟೆ ಹಾಕಿದೆ. ಒಂದು ಎಲ್ಲಿ ಹೋಯಿತು ಎನ್ನುವ ಸಂಶಯ ಬಂತು. ಆದರೆ ಪ್ರಯೋಗದ ನಡುವೆ ಕೈ ನಿಲ್ಲಿಸಬಾರದೆಂದು ಮಕ್ಕಳಿಗೆ ಹೇಳುವವಳೇ ನಾನು. ಮೂರು, ನಾಲ್ಕು, ಐದು, ಆರು ಸರಾಗವಾಗಿ ಸಾಗಿದವು. ಮುಂದಿನದನ್ನು ಅಳೆದು ಪಟ್ಟೆ ಹಚ್ಚಿದೆ.

"ಹೆಚ್ಚು," ಎಂದರು ಅತ್ತೆ.

ಅಷ್ಟು ದೂರದ ಕುರ್ಚಿಯಿಂದ ಬರಿಗಣ್ಣಿನಲ್ಲಿ ತಪ್ಪು ಹಿಡಿದರಲ್ಲ! ಬೆರಗಾಗಿ, ಒಂದು ಸೆಂಟಿಮೀಟರ್ ಹಿಂದೆ ಸರಿದು ಮತ್ತೆ ಹಚ್ಚಿದೆ. "ಈಗ?"

"ಹೆಚ್ಚು."

ಇನ್ನೊಂದು ಸೆಂಟಿಮೀಟರ್ ಹಿಂದೆ. "ಈಗ ನೋಡ್ರಿ."

"ಹೆಚ್ಚು ಅಂದ್ನೆಲ್ಲ."

"ಎಷ್ಟು ಹೆಚ್ಚು ರೀ ಅತ್ತಿ? ಸೆಂಟಿಮೀಟರಿನ್ಯಾಗ ಹೇಳ್ರಿ!"

"ಏನ ಎಷ್ಟು? ಹೆಚ್ಚು ಅಂದ್ರ ಹೆಚ್ಚು. ನೀ ನಿಂತ ಜಾಗಾ ಬಿಟ್ಟು ಕದಲೂವಲ್ಲಿ, ನಾ ಎಂಟು ಹೆಂಗ ಅನ್ಲಿ?"

ಆಗ ಗುಟ್ಟು ಬಯಲಾಯಿತು. ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲವಂತೆ, ಲಾಭ ಎನ್ನಬೇಕು. ಆರರ ಮುಂದಿನ ಅಂಕಿಯನ್ನಂತೂ ಅವರ ತವರಿನ ಅಂಗಡಿಯಲ್ಲಿ ಯಾರೂ ಬಾಯಿಂದ ಆಡುತ್ತಿರಲಿಲ್ಲ. "ರಾಶಿ ಮುಂದ ಕೂತು 'ಏಳು' ಅಂದ್ರ ಲಕ್ಷ್ಮಿ ಎದ್ದು ಹೋಗ್ತಾಳ. ಅದಕ್ಕ ಹೆಚ್ಚು ಅನ್ನೂದು."

"ಅತ್ತಿ, ಇದು ಜ್ವಾಳ ಅಲ್ಲ, ಸರಪಳಿ. ವಿಜ್ಞಾನದಾಗ ಏಳು ಅಂದ್ರ ಏಳ!"

"ಆತವಾ. ನಿನ್ನ ಲಕ್ಷ್ಮಿ, ನಿನ್ನ ಸರಪಳಿ."

ಈಗ ನನ್ನ ಸರಪಳಿಗೆ ಮೊದಲ ಗುರುತು ಇರಲಿಲ್ಲ, ಏಳನೆಯದು ಮೂರು ಕಡೆ ಇತ್ತು. ಎಲ್ಲ ಒರೆಸಿ ಮೊದಲಿನಿಂದ ಮಾಡಲು ಥಿನ್ನರ್ ತರಬೇಕೆಂದು ಅವಸರದಲ್ಲಿ ತಿರುಗಿದೆ. ಬಣ್ಣದ ಡಬ್ಬಿ ಉರುಳಿತು. ಅದರಲ್ಲಿ ಕಾಲಿಟ್ಟಿದ್ದೇನೆಂದು ನನಗೆ ತಿಳಿದದ್ದು ಮೆಟ್ಟಿಲಿಳಿದು, ಪಡಸಾಲೆ ದಾಟಿ, ಅಂಗಳದ ಗೇಟಿನವರೆಗೆ ಹೋದ ಮೇಲೆ!

ಸಂಜೆ ಆಫೀಸಿನಿಂದ ಬಂದ ಇವರು ಬಾಗಿಲಲ್ಲೇ ನಿಂತರು. ಒಳಗಿನಿಂದ ಹೊರಕ್ಕೆ ಹೊರಟ ಕೆಂಪು ಹೆಜ್ಜೆಗಳನ್ನು ನೋಡಿದರು.

"ಯಾರ ಹೋದ್ರು ಹೊರಗ?"

"ಲಕ್ಷ್ಮಿ," ಎಂದರು ಅತ್ತೆ ಶಾವಿಗೆ ಆರಿಸುತ್ತ.

ಮರುದಿನ ಒಬ್ಬಳೇ ಮಾಳಿಗೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೊಸದಾಗಿ ಅಳೆದೆ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ಎರಡಕ್ಕೂ ತಾಳೆಯಾಯಿತು. ಹೇಳಬಾರದು, ಸರಪಳಿ ಮದುಮಗಳ ಹಾಗೆ ಕಾಣುತ್ತಿತ್ತು.

ಭಾನುವಾರ ಕಾರವಾರ. ಅಯಾಜ ದಂಡೆಯಲ್ಲಿ ನಿಂತು ಕೈಬೀಸಿದರು. ಅತ್ತೆ ಮನೆಯಿಂದ ತಂದ ಮಣೆ ಮತ್ತು ರೊಟ್ಟಿಗಂಟಿನ ಸಮೇತ ದೋಣಿ ಏರಿದರು. ಹಿಂದೆ ಮೆತ್ತನೆಯ ಆಸನವಿತ್ತು. "ನಾ ಅಲ್ಲಿ ಕೂಡೂದಿಲ್ಲ. ನೀ ಏನ ಮಾಡ್ತಿ ನಾ ನೋಡಬೇಕು," ಎಂದು ಮುಂಭಾಗಕ್ಕೆ ಬಂದು ನನ್ನ ಪಕ್ಕದಲ್ಲೇ ಮಣೆ ಹಾಕಿ, ಹಾಯಿಕಂಬಕ್ಕೆ ಒರಗಿ ಕೂತರು. ಅಲ್ಲಿ ನಾನು ಸರಪಳಿಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿಟ್ಟಿದ್ದೆ. ಅದರ ಬಾಲದ ತುದಿ ಮಣೆಯ ಕೆಳಗೆ ಸೇರಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಸಮುದ್ರ ತಟ್ಟೆಯ ಹಾಗಿತ್ತು. ಹಾಯಿ ಉಬ್ಬಿತು. ಇವರು ಹಾಡತೊಡಗಿದರು. ಅತ್ತೆ ಮೊದಲು ಕಂಬವನ್ನು ತಬ್ಬಿದ್ದವರು, ಆಮೇಲೆ ಒಂದು ಕೈ ಬಿಟ್ಟರು, ಆಮೇಲೆ ಎರಡೂ ಬಿಟ್ಟರು. ಗಾಳಿಗೆ ಕಣ್ಣು ಎಳೆದು, ಗದ್ದ ಎದೆಗೆ ತಾಗಿ, ಸಣ್ಣ ಗೊರಕೆ ಕೇಳಿಸಿತು. ನಾನು ಹಿಂದೆ ತಿರುಗಿ ಇವರಿಗೆ ಕೈಸನ್ನೆ ಮಾಡಿದೆ: ಅವ್ವ ಮಲಗ್ಯಾರ! ಇವರ ಮುಖ ಅರಳಿತು. ಅರ್ಧ ದೋಣಿ ಉಳಿದಂತೆಯೇ ಲೆಕ್ಕ.

ಇನ್ನು ಲಂಗರು. ನೀರಿನ ಆಳ ಐದು ಮೀಟರ್. ಆಳದ ಏಳು ಪಟ್ಟು ಸರಪಳಿ ಬಿಟ್ಟರೆ ಲಂಗರು ಗಟ್ಟಿಯಾಗಿ ಕಚ್ಚುತ್ತದೆ. ಅಂದರೆ ಏಳನೇ ಗುರುತು. ಇವರು ಹಿಂದೆ ಕೂತು ಇಂಜಿನ್ ಹಚ್ಚಿ ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ನಡೆಸಬೇಕು. ನಾನು ಮುಂದೆ ನಿಂತು ಸರಪಳಿ ಬಿಡುತ್ತ ಗುರುತು ಕೂಗಬೇಕು. ಏಳು ಎಂದಾಗ ಅವರು ನಿಲ್ಲಿಸಬೇಕು.

"ಒಂದು!" ಎಂದೆ. ಕೆಂಪು ಪಟ್ಟೆ ನೀರಿಗಿಳಿಯಿತು. "ಎರಡು! ಮೂರು!" ಎಂಥ ಶಿಸ್ತು! "ನಾಲ್ಕು! ಐದು! ಆರು!" ನ್ಯೂಟನ್ ಇದ್ದಿದ್ದರೆ ಟೊಪ್ಪಿಗೆ ತೆಗೆಯುತ್ತಿದ್ದ.

"ಏಳು!"

ಇಂಜಿನ್ ಗದ್ದಲದಲ್ಲಿ ಇವರಿಗೆ ಕೇಳಲಿಲ್ಲ. ದೋಣಿ ಹಿಂದೆ ಸರಿಯುತ್ತಲೇ ಇತ್ತು. ಇದ್ದಬದ್ದ ಉಸಿರು ಸೇರಿಸಿ ಕೂಗಿದೆ: "ಏಳು! ಏಳೂ!"

"ಏಳಾಕತ್ತೇನಿ, ಯಾಕ ಒದರ್ತಿ!" ಎಂದು ಅತ್ತೆ ಧಡಕ್ಕನೆ ಎದ್ದು ನಿಂತರು. "ಅತ್ತಿಗೆ 'ಏಳ್ರಿ' ಅನ್ನೂದು ಸೈತ ಮರತಿಯೇನು? ಏಳು ಅಂತ, ಏಳು! ಮನಿ ಆಳಿಗೆ ಅಂದಂಗ!"

ದೋಣಿ ಹೊಯ್ದಾಡಿತು. ಮಣೆ ಜಾರಿತು. ಅತ್ತೆ ವಾಲಿದರು. ನನ್ನ ಎರಡೂ ಕೈಗಳಲ್ಲಿ ಆಗ ಸರಪಳಿ ಇತ್ತು. ಮರುಕ್ಷಣ ಅತ್ತೆ ಇದ್ದರು. ಸರಪಳಿ ಬರ್ರನೆ ಓಡಿತು. ಇಷ್ಟು ಹೊತ್ತು ಅದರ ಬಾಲವನ್ನು ದೋಣಿಯಲ್ಲಿ ಹಿಡಿದಿಟ್ಟದ್ದು ಅತ್ತೆಯ ದೇಹದ ಭಾರವೊಂದೇ ಎಂದು ನನಗೆ ಹೊಳೆಯುವಷ್ಟರಲ್ಲಿ, ಕೊನೆಯ ಕೊಂಡಿ ಅಂಚಿನ ಮೇಲೊಮ್ಮೆ ಮಿನುಗಿ, ಡುಬುಕ್ಕೆಂದು ಮಾಯವಾಯಿತು.

ಅತ್ತೆಯನ್ನು ತಬ್ಬಿಕೊಂಡೇ, ಅಭ್ಯಾಸಬಲದಿಂದ ನಾನು "ಎಂಟು" ಎಂದೆ.

ಇಂಜಿನ್ ನಿಂತಿತು. "ಎಷ್ಟು ಬಿಟ್ಟಿ ಶಾಂಭವಿ?"

"ಪೂರ್ತಿ."

"ಪೂರ್ತಿ ಅಂದ್ರ?"

"ನಲವತ್ತು ಮೀಟರ್. ತಪ್ಪಿದ್ರ ಒಂದು ಸೆಂಟಿಮೀಟರ್ ಆಚೀಚಿ."

"ಅದರ ಕೊನಿ ಎಲ್ಲಿ ಕಟ್ಟಿದ್ದಿ?"

ಸರಪಳಿಯ ಕೊನೆಯನ್ನು ಬಿಗಿಯಲೆಂದೇ ದೋಣಿಯ ಮೂತಿಯಲ್ಲಿ ಒಂದು ಕಬ್ಬಿಣದ ಬಳೆ ಇದೆ. ಅದರ ಒಳವ್ಯಾಸ ನನಗೆ ಗೊತ್ತು, ದಪ್ಪ ಗೊತ್ತು. ಎರಡನ್ನೂ ಬೆಳಿಗ್ಗೆಯೇ ಅಳೆದಿದ್ದೆ. ಕಟ್ಟಿರಲಿಲ್ಲ.

ದೋಣಿಯಲ್ಲಿ ಫೋನು ಮುಟ್ಟದ ಇವರು ಅಯಾಜನಿಗೆ ಫೋನು ಹಚ್ಚಿ ವಿಷಯ ಹೇಳಿದರು. ಆ ಕಡೆ ಬಹಳ ಹೊತ್ತು ನಗು. ಆಮೇಲೆ ಸಮಾಧಾನ: "ಭಾಭಿಗೆ ಚಿಂತಿ ಮಾಡಬ್ಯಾಡ್ರಿ ಅನ್ನು. ಅಷ್ಟು ಛಲೋ ಗುರುತು ಹಾಕ್ಯಾರ, ಎಲ್ಲಿ ಸಿಕ್ರೂ ಗುರುತು ಹಿಡೀತೇವಿ!"

ಲಂಗರಿಲ್ಲದ ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಅತ್ತೆ ಮಣೆಯನ್ನು ಮತ್ತೆ ನೆಟ್ಟಗೆ ಹಾಕಿ ಕೂತು, ರೊಟ್ಟಿಗಂಟು ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ ಇಬ್ಬರಿಗೂ ಕೊಟ್ಟರು. ಇವರು ರೊಟ್ಟಿ ಕೈಯಲ್ಲಿ ಹಿಡಿದರೇ ಹೊರತು ಮುರಿಯಲಿಲ್ಲ. ದೋಣಿಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು, ಮಾರಲು ಹೊರಟ ಎತ್ತಿನ ಬೆನ್ನು ಸವರುವ ಹಾಗೆ.

"ಅಯಾಜಗ ಇವತ್ತ ಹೇಳಿಬಿಡ್ಲೇನ ಯವ್ವಾ?" ಎಂದರು ಕೊನೆಗೆ.

"ಏನಂತ?"

"ನನ್ನ ಅರ್ಧಾ ಅವನ ತಗೋ ಅಂತ."

"ಉಣ್ಣು ಸುಮ್ಮನ. ದೋಣಿ ಛಲೋ ಐತಿ, ಇರ್ಲಿ. ಇಷ್ಟು ಹಿತವಾದ ನಿದ್ದಿ ಮನ್ಯಾಗ ಸೈತ ಹತ್ತಿರಲಿಲ್ಲ." ಅತ್ತೆ ನನ್ನ ಕಡೆ ತಿರುಗಿದರು. "ಇಕಿನೂ ಛಲೋ ಅದಾಳ. ಅಷ್ಟು ದಿನಾ ಜೀವಾ ತೇಯ್ದು ಬಣ್ಣಾ ಹಚ್ಚಿದ ಸರಪಳಿ ಬಿಟ್ಟು ನನ್ನ ಹಿಡದ್ಲು. ನಾ ನೋಡೇನಿ."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದುವರಿಸಿದರು:

"ಆದ್ರ ಒಂದು ಮಾತು, ತಂಗಿ. ನನ್ನ ಮಗಾ ಎಮ್ಮೆಸ್ಸಿ ಅಲ್ಲ. ಟೇಪ ಹಿಡಿದು ನಿನ್ನ ಕೊಳ್ಳಿನ ಸುತ್ತಳತಿ ನೋಡಿದಾವನೂ ಅಲ್ಲ. ಮೂರು ಗಂಟು ಹಾಕಿದ ನೋಡು, ನೀ ಇವತ್ತಿನ ತನಕಾ ಎಲ್ಲೂ ಹೋಗಿಲ್ಲ. ಆ ಸರಪಳಿಗೆ ಒಂದಾದ್ರೂ ಗಂಟು ನೀ ಹಾಕಬಾರದಿತ್ತೇನು?"