ಮಾವನ ಊಳಿಡುವ ಜೀಪು

ನಮ್ಮ ಸೋದರಮಾವನಿಗೆ ದೇವರು ಕಿವಿ ಕೊಟ್ಟದ್ದು ಜನರ ಮಾತು ಕೇಳಲಿಕ್ಕಲ್ಲ, ಗೇರ್‌ಬಾಕ್ಸ್ ಕೇಳಲಿಕ್ಕೆ! ಹರಿಹರದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಗೇರುಗಳಿಗೆ ಹಲ್ಲು ಕೊರೆದು ನಿವೃತ್ತರಾದವರು.

ಒಮ್ಮೆ ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಾ ಡ್ರೈವರ್ ಹಿಂದೆ ನಿಂತು ಶುರು ಮಾಡಿದರು. "ಮೂರನೇ ಗೇರಿನ ಹಲ್ಲು ಸವೆದಾವ್ರಿ. ಅಳ್ತಾ ಐತೆ, ಕೇಳಿಸ್ತಿಲ್ಲೇನ್ರಿ?"

"ನಿಮ್ಮ ಮಾತಿನಾಗೆ ಬ್ಯಾರೆ ಏನೂ ಕೇಳಿಸ್ತಿಲ್ಲ. ಇಳೀರಿ ಯಜಮಾನ್ರೇ!"

ನಡುದಾರಿಯ ಬಾತಿಯಲ್ಲಿ ಇಳಿಸಿದರು; ಅಲ್ಲಿಂದ ನಡೆದೇ ಬಂದರು. ಬೇಸರವೇ? ಎಲ್ಲಿಂದ ಬರಬೇಕು! "ಪಾಪ, ಅವನಿಗೆ ಎರಡನೇ ಗೇರೂ ಹೋಗೈತೆ" ಎಂದರು.

ಮಂಡಿಪೇಟೆಯ ವರ್ತಕರೊಬ್ಬರ ಮನೆಯ ಮದುವೆಯಲ್ಲಿ ಪಕ್ಕದವರಿಗೆ ಗೇರಿನ ಪಾಠ ನಡೆದಿತ್ತು. "ನೇರ ಹಲ್ಲಂದ್ರೆ ಅಷ್ಟಗಲಾನೂ ಒಂದೇ ಸಲ ಬಂದು ಬಡೀತೈತೆ, ಹಿಂಗೆ!" ಎಂದು ಜೋರಾಗಿ ಚಪ್ಪಾಳೆ ತಟ್ಟಿದರು. "ಓರೆ ಹಲ್ಲು ಒಂದು ತುದಿಯಿಂದ ಮೆಲ್ಲಗೆ ಕೂಡ್ತಾ ಹೋಗ್ತೈತೆ. ಸದ್ದೇ ಇರಲ್ಲ" ಎಂದು ಅಂಗೈ ಉಜ್ಜುವಷ್ಟರಲ್ಲಿ ಹಿಂದಿನ ಸಾಲಿನವರು ಆ ಚಪ್ಪಾಳೆ ಕೇಳಿ ತಾಳಿ ಕಟ್ಟಿದರೆಂದೇ ತಿಳಿದು ಅಕ್ಷತೆ ಎರಚಿಬಿಟ್ಟಿದ್ದರು. ಮದುಮಗ ಇನ್ನೂ ಪೇಟ ಸುತ್ತಿಸಿಕೊಳ್ಳುತ್ತಿದ್ದ!

ಇಂಥ ಪಂಡಿತರ ಸ್ವಂತ ಜೀಪು? ನೇರ ಹಲ್ಲಿನದು! ಬೀದಿಯ ತಿರುವಿನಿಂದಲೇ ಊಳಿಡುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಪಕ್ಕದ ಮನೆಯ ನಾನು ಗೇರ್‌ಬಾಕ್ಸ್ ಬದಲಿಸಿ ಎಂದು ಗೋಗರೆದರೆ, "ನಿಂಗ್ಯಾಕ? ಸುಮ್ನಿರು" ಎನ್ನುತ್ತಿದ್ದರು.

ಸುಮ್ಮನಿರುವುದು ನನ್ನ ಜಾಯಮಾನವೇ? ಮಾವ ಮಲೆಬೆನ್ನೂರಿಗೆ ಹೋದಾಗ ಜೀಪನ್ನು ಗ್ಯಾರೇಜಿಗೆ ಒಯ್ದು ಓರೆ ಹಲ್ಲಿನ ಗೇರ್‌ಬಾಕ್ಸ್ ಹಾಕಿಸಿದೆ. ಅವರು ವಾಪಸಾದ ಸಂಜೆ ಬಸ್‌ಸ್ಟ್ಯಾಂಡಿನಿಂದ ಅದರಲ್ಲೇ ಕರೆತಂದೆ. ಹೂವಿನ ಹಾಗೆ ಬಂತು! ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾದೆ. ಜೀಪು ನಿಂತದ್ದೇ ಮಾವ ಇಳಿದುಬಿಟ್ಟರು.

ಮನೆಯ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಬೇರೆ ದಿನವಾದರೆ ಮಾವ ಇಳಿಯುವಷ್ಟರಲ್ಲಿ ಒಲೆಯ ಮೇಲೆ ಚಹಾ ಇರುತ್ತಿತ್ತು. ಅಂದು ಅವರು ತಿರುವಿನ ಕಡೆ ಮುಖ ಮಾಡಿ ಕೂತೇ ಇದ್ದರು. ಮಾವ ಅವರ ಎದುರಿಗೇ ಹೋಗಿ ನಿಂತರು.

ಹೆಜ್ಜೆ ಸಪ್ಪಳ ಕೇಳಿ ಅತ್ತೆ, "ಯಾರ್ರಿ? ಅವರಿನ್ನೂ ಬಂದಿಲ್ಲ. ಕೂಡ್ರಿ" ಎಂದರು.

"ನಾನೇ ಬಂದೀನಿ" ಎಂದು ಮಾವ ಅವರ ಪಕ್ಕದಲ್ಲಿ ಕೂತರು. ಆಮೇಲೆ ನನ್ನ ಕಡೆ ತಿರುಗಿ, ಬೈಯದೆ, ಮೆಲ್ಲಗೆ ಕೇಳಿದರು: "ಹಳೇದನ್ನ ಗುಜರಿಗೆ ಹಾಕಿಲ್ಲ ತಾನೇ?"

ಮೂರನೆಯ ದಿನ ತಿರುವಿನಲ್ಲಿ ಜೀಪು ಮತ್ತೆ ಊಳಿಟ್ಟಿತು. ಅತ್ತೆ ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.